ಬಲ್ಬುಗಳೆಲ್ಲ ಉರಿಯುತ್ತಿವೆ, ಎಚ್ಚರಿಕೆಯ ದೀಪವೂ!

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಲ್ಬಿನ ಚಿತ್ರವಿರುವ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಇಳಿದು ಒಂದು ಸುತ್ತು ಹಾಕಿ ನೋಡಿದರೆ ಹೆಡ್‌ಲೈಟ್, ಪಾರ್ಕಿಂಗ್ ಲೈಟ್, ಬ್ರೇಕ್ ಲೈಟ್ ಎಲ್ಲವೂ ಉರಿಯುತ್ತಿವೆ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಆ ಎಚ್ಚರಿಕೆಯ ದೀಪವನ್ನೇ ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಹೆಚ್ಚಿನ ಸಲ ಅದು ಹೇಳುತ್ತಿರುವುದು ನಿಜವೇ ಆಗಿರುತ್ತದೆ. ಅದು ಬೆಳಕನ್ನು ನೋಡುವುದಿಲ್ಲ, ವಿದ್ಯುತ್ತನ್ನು ತೂಗುತ್ತದೆ.

ವೋಲ್ವೋ 240ರಂಥ ಕಾರುಗಳಲ್ಲಿ ಈ ಕೆಲಸ ಮಾಡುವುದು ಫ್ಯೂಸ್ ಪೆಟ್ಟಿಗೆಯ ಬಳಿ ಇರುವ ಒಂದು ರಿಲೇ. ಅದರೊಳಗೆ ಗಾಜಿನ ಸಣ್ಣ ನಳಿಗೆಯಲ್ಲಿ ಒಂದನ್ನೊಂದು ಮುಟ್ಟದಂತೆ ನಿಂತ ಎರಡು ಕಬ್ಬಿಣದ ಎಸಳುಗಳಿವೆ. ಇದಕ್ಕೆ ರೀಡ್ ಸ್ವಿಚ್ ಎನ್ನುತ್ತಾರೆ. ನಳಿಗೆಯ ಮೇಲೆ ದಪ್ಪ ತಾಮ್ರದ ತಂತಿಯನ್ನು ಎರಡು ಸುರುಳಿಯಾಗಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿರುತ್ತಾರೆ. ಎಡಗಡೆಯ ಬಲ್ಬಿಗೆ ಹೋಗುವ ವಿದ್ಯುತ್ ಒಂದು ಸುರುಳಿಯಲ್ಲಿ, ಬಲಗಡೆಯದು ಇನ್ನೊಂದರಲ್ಲಿ ಹರಿಯುತ್ತದೆ. ಎರಡೂ ಸಮವಾಗಿದ್ದರೆ ಅವುಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ಒಂದು ಕಡೆ ಕಡಿಮೆಯಾದರೆ ತಕ್ಕಡಿ ವಾಲುತ್ತದೆ, ಎಸಳುಗಳು ಅಂಟಿಕೊಳ್ಳುತ್ತವೆ, ಎಚ್ಚರಿಕೆಯ ದೀಪ ಹೊತ್ತುತ್ತದೆ. ಬ್ರೇಕ್ ಒತ್ತಿದ ಕ್ಷಣದಲ್ಲಿ ಮಾತ್ರ ಅದು ಒಮ್ಮೆ ಮಿಂಚಿ ಆರಿದರೆ ಚಿಂತೆ ಬೇಡ. ಬಲ್ಬಿನೊಳಗೆ ಉರಿಯುವ ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ಅದರ ರೋಧ (ವಿದ್ಯುತ್ತಿಗೆ ಒಡ್ಡುವ ತಡೆ) ಉರಿಯುವಾಗಿನ ರೋಧದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಎರಡೂ ಬಲ್ಬುಗಳು ಮೊದಲ ಕ್ಷಣ ಹೆಚ್ಚು ವಿದ್ಯುತ್ ಎಳೆಯುತ್ತವೆ, ಆಗ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.

ಮೊದಲು ಯಾವಾಗ ಹೊತ್ತುತ್ತದೆ ಎಂದು ಗಮನಿಸಿ. ಪಾರ್ಕಿಂಗ್ ಲೈಟ್ ಹಾಕಿದಾಗಲೋ, ಹೆಡ್‌ಲೈಟಿಗೋ, ಬ್ರೇಕ್ ಒತ್ತಿದಾಗಲೋ? ಇಷ್ಟು ತಿಳಿದರೆ ಹುಡುಕಾಟ ಒಂದು ಜೋಡಿಗೆ ಇಳಿಯುತ್ತದೆ. ಆ ಜೋಡಿಯ ಬಲ್ಬುಗಳನ್ನು ಕಳಚಿ ಬುಡದ ಮೇಲೆ ಅಚ್ಚಾದ ಅಂಕಿಗಳನ್ನು ಓದಿ. ಒಂದು ಕಡೆ 5 ವ್ಯಾಟ್, ಇನ್ನೊಂದು ಕಡೆ 10 ವ್ಯಾಟ್ ಬಲ್ಬು ಕೂತಿರುವುದು ಅಪರೂಪವಲ್ಲ. ವ್ಯಾಟ್ ಒಂದೇ ಆದರೂ ಒಂದು ಹೊಸದು, ಒಂದು ಹಳೆಯದು, ತಯಾರಕರು ಬೇರೆ ಬೇರೆ ಎಂದಾದರೆ ಅಷ್ಟು ವ್ಯತ್ಯಾಸವೇ ಸಾಕಾಗಬಹುದು. ಒಂದೇ ತಯಾರಕರ ಎರಡು ಹೊಸ ಬಲ್ಬುಗಳನ್ನು ಒಟ್ಟಿಗೇ ಹಾಕಿ. ಎಡಬಲ ಅದಲುಬದಲು ಮಾಡಿ ನೋಡುವ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ. ಅಸಮ ಬಲ್ಬುಗಳು ಜಾಗ ಬದಲಿಸಿದರೂ ಅಸಮವೇ. ತಕ್ಕಡಿ ಮತ್ತೊಂದು ಕಡೆಗೆ ವಾಲುತ್ತದೆ, ಅಷ್ಟೆ. ಕಡಿಮೆ ವಿದ್ಯುತ್ ಎಳೆಯುವ ಬಲ್ಬು ಕಿಲುಬು ಹಿಡಿದ ಹೋಲ್ಡರಿನಿಂದ ಒಳ್ಳೆಯ ಹೋಲ್ಡರಿಗೆ ಹೋದರಂತೂ ಎರಡು ದೋಷಗಳು ಒಂದನ್ನೊಂದು ಮುಚ್ಚಿಕೊಂಡು ಎಚ್ಚರಿಕೆಯೇ ಆರಿಹೋಗಬಹುದು.

ಬಲ್ಬು ಸರಿಯಿದ್ದರೆ ಮುಂದಿನ ಅನುಮಾನ ಅರ್ಥ್ ಮೇಲೆ, ಅಂದರೆ ಬಲ್ಬಿನಿಂದ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ನೆಗೆಟಿವ್ ತುದಿಗೆ ವಿದ್ಯುತ್ ಮರಳುವ ದಾರಿಯ ಮೇಲೆ. ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. 12 ವೋಲ್ಟಿನಲ್ಲಿ 21 ವ್ಯಾಟಿನ ಬ್ರೇಕ್ ಬಲ್ಬು 1.75 ಆಂಪಿಯರ್ ಎಳೆಯುತ್ತದೆ. ಹೋಲ್ಡರಿನ ಕಿಲುಬು 1 ವೋಲ್ಟನ್ನು ನುಂಗಿತೆನ್ನೋಣ. ಬೆಳಕು ಸುಮಾರು ಕಾಲುಭಾಗ ಕುಗ್ಗುತ್ತದೆ, ಆದರೆ ವಿದ್ಯುತ್ ಇಳಿಯುವುದು ಸುಮಾರು ಶೇ. 5ರಷ್ಟು ಮಾತ್ರ. ತಂತಿಯ ಬಿಸಿ ಇಳಿದಂತೆ ಅದರ ರೋಧವೂ ಇಳಿದು ನಷ್ಟವನ್ನು ಒಂದಿಷ್ಟು ತುಂಬಿಕೊಡುವುದೇ ಇದಕ್ಕೆ ಕಾರಣ. ಅಂದರೆ ಅಲ್ಪಸ್ವಲ್ಪ ಕಿಲುಬು ರಿಲೇಯ ಗಮನಕ್ಕೇ ಬರುವುದಿಲ್ಲ. ಕಿಲುಬಿನಿಂದ ಎಚ್ಚರಿಕೆ ಬಂತೆಂದರೆ ಅದು ಆಗಲೇ ಬಹಳ ಬೆಳೆದಿದೆ. ಇಂಡಿಕೇಟರ್ ಹಾಕಿದಾಗ ಅದೇ ಕಡೆಯ ಪಾರ್ಕಿಂಗ್ ಲೈಟ್ ತಾಳಕ್ಕೆ ಸರಿಯಾಗಿ ಮಿಣುಕಿದರೆ ಅರ್ಥ್ ಕೆಟ್ಟಿದೆ ಎಂಬುದು ಹೆಚ್ಚುಕಡಿಮೆ ಖಚಿತ.

ಅಳೆಯಲು ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿಯನ್ನು ಬಲ್ಬಿನ ಹಿತ್ತಾಳೆ ಬುಡಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಹಿಡಿಯಿರಿ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಕೆಲಸವಿದೆ. ಲೈಟ್ ಆರಿಸಿ ಓಮ್ ಅಳೆಯುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ವಿದ್ಯುತ್ ಹರಿಯುವಾಗ ಮಾತ್ರ ಇಂಥ ದೋಷ ಸರಿಯಾಗಿ ಬಯಲಾಗುತ್ತದೆ. ಹೋಲ್ಡರನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಡಿಲವಾದ ನಾಲಗೆಯನ್ನು ಮೃದುವಾಗಿ ಮೇಲೆತ್ತಿ. ಅರ್ಥ್ ವೈರಿನ ಸ್ಕ್ರೂ ಬಿಚ್ಚಿ, ಅದು ಕೂರುವ ತಗಡನ್ನು ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ಫ್ಯೂಸುಗಳನ್ನೂ ಮರೆಯಬಾರದು. ಹಲವು ಕಾರುಗಳಲ್ಲಿ ಎಡ ಮತ್ತು ಬಲ ಪಾರ್ಕಿಂಗ್ ಲೈಟುಗಳಿಗೆ ಬೇರೆ ಬೇರೆ ಫ್ಯೂಸ್ ಇರುತ್ತದೆ. ಎರಡೂ ತುದಿ ಚೂಪಾದ ಹಳೆಯ ಮಾದರಿಯ ಫ್ಯೂಸುಗಳ ತುದಿ ಮಾಸಿದರೂ ತಕ್ಕಡಿ ವಾಲುತ್ತದೆ.

ಎಲ್‌ಇಡಿ ಬಲ್ಬುಗಳ ವಿಷಯವೇ ಬೇರೆ. ಅವು ಎಳೆಯುವ ವಿದ್ಯುತ್ ಎಷ್ಟು ಕಡಿಮೆಯೆಂದರೆ, ಒಂದು ಕಡೆ ಮಾತ್ರ ಹಾಕಿದರೆ ರಿಲೇ ಅದನ್ನು ಸುಟ್ಟ ಬಲ್ಬೆಂದೇ ಭಾವಿಸುತ್ತದೆ. ಎರಡೂ ಕಡೆ ಹಾಕಿದರೆ ಎಚ್ಚರಿಕೆ ಆರಬಹುದು, ಆದರೆ ಮುಂದೆ ಒಂದು ನಿಜವಾಗಿಯೇ ಕೆಟ್ಟಾಗಲೂ ಆ ಸಣ್ಣ ವ್ಯತ್ಯಾಸಕ್ಕೆ ಎಸಳುಗಳು ಅಲುಗದೆ ಹೋಗಬಹುದು. ಮೂಲ ಬಲ್ಬಿನಷ್ಟೇ ವಿದ್ಯುತ್ ಎಳೆಯಲೆಂದು ಜೊತೆಗೆ 6 ಓಮ್ ರೆಸಿಸ್ಟರ್ ಜೋಡಿಸಿದರೆ ಅದೊಂದೇ 24 ವ್ಯಾಟ್ ಶಾಖ ಉಗುಳುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸಿದರೆ ಕರಗುತ್ತದೆ. ಹಳೆಯ ಕಾರಿಗೆ ಮೂಲ ಬಲ್ಬೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದರೂ ದೀಪ ಆರದಿದ್ದರೆ, ಅಥವಾ ಕುಲುಕಾಡಿದಾಗಲೆಲ್ಲ ಮಿಣುಕಿದರೆ, ಆಗ ಮಾತ್ರ ರಿಲೇಯ ಕಡೆ ತಿರುಗಿ. ಬ್ಯಾಟರಿಯ ನೆಗೆಟಿವ್ ಕಳಚಿ, ರಿಲೇ ಎಳೆದು, ಮುಚ್ಚಳ ಬಿಚ್ಚಿ. ಪಿನ್ನುಗಳ ಬುಡದ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಉಂಗುರಾಕಾರದ ಬಿರುಕು ಕಾಣಬಹುದು. ವರ್ಷಗಟ್ಟಲೆ ಬಿಸಿಯಾಗಿ ಆರಿದ್ದರ ಫಲ ಅದು. ಹಳೆಯ ಸೋಲ್ಡರ್ ತೆಗೆದು ಹೊಸದನ್ನು ತುಂಬಿ. ಗಾಜಿನ ನಳಿಗೆಗೆ ಒತ್ತಡ ಬೀಳಕೂಡದು. ಈ ಬಿರುಕಿನಿಂದ ಎಚ್ಚರಿಕೆಯ ಜೊತೆ ಲೈಟೇ ಆರಿಹೋಗುವುದೂ ಉಂಟು, ಏಕೆಂದರೆ ಬಲ್ಬಿನ ವಿದ್ಯುತ್ತೆಲ್ಲ ಹಾದುಹೋಗುವುದು ಇದೇ ಪಿನ್ನುಗಳ ಮೂಲಕ.

ಮರಳಿ ಕೂರಿಸಿದ ಮೇಲೆ ಪರೀಕ್ಷಿಸಿ. ಲೈಟ್ ಆರಿಸಿ ಎಡಗಡೆಯ ಒಂದು ಬಲ್ಬು ತೆಗೆಯಿರಿ. ಲೈಟ್ ಹಾಕಿದರೆ ಎಚ್ಚರಿಕೆ ಬರಬೇಕು. ಅದನ್ನು ಹಾಕಿ ಬಲಗಡೆಯದನ್ನು ತೆಗೆದಾಗಲೂ ಬರಬೇಕು. ಎರಡನ್ನೂ ಒಟ್ಟಿಗೆ ತೆಗೆದರೆ ಮಾತ್ರ ಬರುವುದಿಲ್ಲ: ಎರಡೂ ತಟ್ಟೆ ಖಾಲಿಯಾದ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಹಾಗಾಗಿ ಎಚ್ಚರಿಕೆಯ ದೀಪ ಸರಿಯಿದ್ದರೂ ಆಗಾಗ ಕತ್ತಲಲ್ಲಿ ಕಾರಿನ ಹಿಂಬದಿಯನ್ನು ಗೋಡೆಯ ಹತ್ತಿರ ನಿಲ್ಲಿಸಿ, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಎರಡು ಕೆಂಪು ಬೆಳಕು ಕಾಣುತ್ತವೆಯೇ ನೋಡಿಕೊಳ್ಳಿ.