ತವರಿನಲ್ಲಿ ಸೋಲಿಸುವ ವ್ಯಾಪಾರ

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಗಂಟೆ ಬಾರಿಸುವ ಮೊದಲೇ ನಿಶ್ಚಯವಾಗಿರುತ್ತದೆ. ಹಾಗಾಗಿ ಕುಸ್ತಿಪಟುವೊಬ್ಬ ತನ್ನೂರಿನವರ ಎದುರು ಮಣ್ಣುಮುಕ್ಕಿದರೆ ಅದನ್ನು ಹಣೆಬರಹದ ತಲೆಗೆ ಕಟ್ಟುವಂತಿಲ್ಲ. ಯಾರೋ ಕುಳಿತು ಹಾಗೆ ತೀರ್ಮಾನಿಸಿರುತ್ತಾರೆ. ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ ತವರಿನಲ್ಲೇ ಸೋಲಿಸುವ ಈ ಚಾಳಿಗೆ ಹೆಸರುವಾಸಿ. ಆದರೆ ಒಂದು ಕಾಲದಲ್ಲಿ ಇದಕ್ಕೆ ಗಟ್ಟಿ ಕಾರಣವಿತ್ತು.

1948ರಲ್ಲಿ ಆಯೋಜಕರು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ಸೀಮೆ, ಎಲ್ಲರಿಗೂ ಸೇರಿ ಒಬ್ಬ ಚಾಂಪಿಯನ್. ಬೆಲ್ಟ್ ಹೊತ್ತು ಊರೂರು ಸುತ್ತುತ್ತಿದ್ದ ಆತ ಸ್ಥಳೀಯ ವೀರನಿಗೆ ಬೆಲ್ಟ್ ಬಿಟ್ಟುಕೊಡುವಂತಿರಲಿಲ್ಲ, ಅವನ ಮಾನ ಕಳೆಯುವಂತೆಯೂ ಇರಲಿಲ್ಲ. ಅದಕ್ಕೇ ಅರವತ್ತು ನಿಮಿಷ ಸೆಣಸಿ ಸಮಬಲ ಸಾಧಿಸುತ್ತಿದ್ದ, ಇಲ್ಲವೇ ಬೇಕೆಂದೇ ನಿಯಮ ಮುರಿದು ಅನರ್ಹನಾಗುತ್ತಿದ್ದ. ಅನರ್ಹತೆಯಿಂದ ಸೋತರೆ ಬೆಲ್ಟ್ ಕೈಬದಲಾಗುತ್ತಿರಲಿಲ್ಲ. ‘ನಮ್ಮ ಹುಡುಗ ಗೆದ್ದೇಬಿಟ್ಟಿದ್ದ’ ಎಂದು ಗೊಣಗುತ್ತ ಮನೆಗೆ ಹೋದವರು ಮುಂದಿನ ಸಲವೂ ಟಿಕೆಟ್ ಕೊಳ್ಳುತ್ತಿದ್ದರು. ಅಪರೂಪಕ್ಕೆ ಊರಿನ ಆಸೆ ಪೂರೈಸಿದ್ದೂ ಉಂಟು: 1984ರ ಮೇ 6ರಂದು, ಅಣ್ಣ ಡೇವಿಡ್ ತೀರಿಕೊಂಡ ಕೆಲವೇ ತಿಂಗಳಿಗೆ, ಕೆರ‍್ರಿ ವಾನ್ ಎರಿಕ್ ಟೆಕ್ಸಾಸ್ ಸ್ಟೇಡಿಯಂನಲ್ಲಿ ಆಗಿನ ಚಾಂಪಿಯನ್ ರಿಕ್ ಫ್ಲೇರ್‌ನನ್ನು ಕೆಡವಿ ಚಾಂಪಿಯನ್ ಆದ. ಹದಿನೆಂಟೇ ದಿನ. ಬೆಲ್ಟ್ ಜಪಾನಿನಲ್ಲಿ ಫ್ಲೇರ್ ಕೈಗೆ ಮರಳಿತು.

ತವರಿನ ಸೋಲಿನ ಚರ್ಚೆಗೆ ಬೆಂಕಿ ಹಚ್ಚಿದ್ದು ಕೆನಡಾದ ಮಾಂಟ್ರಿಯಲ್‌ನ ಪಂದ್ಯ. 1997ರಲ್ಲಿ ಕೆನಡಾದ ಕ್ಯಾಲ್ಗರಿಯ ಬ್ರೆಟ್ ಹಾರ್ಟ್ ಈಗಿನ ಡಬ್ಲ್ಯುಡಬ್ಲ್ಯುಇಯ ಚಾಂಪಿಯನ್ ಆಗಿದ್ದರೂ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ಸೇರಲು ಒಪ್ಪಿಕೊಂಡಿದ್ದ. ಬೆಲ್ಟ್ ಬಿಟ್ಟುಕೊಡಲು ಅವನ ತಕರಾರಿರಲಿಲ್ಲ. ಕೆನಡಾದ ನೆಲದಲ್ಲಿ, ತನಗಾಗದ ಶಾನ್ ಮೈಕಲ್ಸ್‌ಗೆ ಸೋಲಲಾರೆ ಎಂದಷ್ಟೇ ಪಟ್ಟು ಹಿಡಿದ. ಕೊನೆಯ ದಿನಗಳ ಕಥೆಯಲ್ಲಿ ಅವನ ಮಾತಿಗೂ ಬೆಲೆ ಎಂದು ಕರಾರಿನಲ್ಲೇ ಇತ್ತು. ಮಾಲೀಕ ವಿನ್ಸ್ ಮೆಕ್‌ಮಹನ್‌ಗೆ ಬೇರೆಯದೇ ಭಯ: ಎರಡು ವರ್ಷದ ಹಿಂದೆ ಮಡೂಸಾ ಎಂಬಾಕೆ ಇವರ ಮಹಿಳಾ ಬೆಲ್ಟನ್ನು ಎದುರಾಳಿಗಳ ನೇರಪ್ರಸಾರದಲ್ಲಿ ಕಸದ ತೊಟ್ಟಿಗೆ ಎಸೆದಿದ್ದಳು. ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಮೈಕಲ್ಸ್ ಹಾರ್ಟ್‌ನ ಪಟ್ಟನ್ನೇ ಹಾರ್ಟ್‌ಗೆ ಹಾಕಿದ. ಹಾರ್ಟ್ ಸೋಲೊಪ್ಪಿಕೊಂಡಿರಲಿಲ್ಲ, ಆದರೂ ರೆಫರಿ ಗಂಟೆ ಬಾರಿಸಲು ಹೇಳಿಬಿಟ್ಟ. ಹಾರ್ಟ್ ರಿಂಗ್‌ನಿಂದಲೇ ಮಾಲೀಕನ ಮುಖಕ್ಕೆ ಉಗಿದ. ಕ್ಯಾಲ್ಗರಿಗೂ ಮಾಂಟ್ರಿಯಲ್‌ಗೂ ಮೂರು ಸಾವಿರ ಕಿಲೋಮೀಟರ್. ಅಂದು ತವರು ಎಂದರೆ ಇಡೀ ದೇಶವಾಗಿತ್ತು.

ಆಮೇಲೆ ಟಿವಿಯ ಹಣ ಟಿಕೆಟ್ಟಿನ ಹಣವನ್ನು ಮೀರಿ ಬೆಳೆಯಿತು. ತವರಿನ ಪ್ರೇಕ್ಷಕರು ಗಿರಾಕಿಗಳಾಗಿದ್ದವರು ದೃಶ್ಯದ ಭಾಗವಾದರು. ಅವರ ನಿರಾಸೆ ಕಥೆಗೆ ಒದಗುವ ಸರಕು. ಭಾರತದ ಹೆಸರಿನಲ್ಲಿ ಚಾಂಪಿಯನ್ ಆಗಿ ಮೆರೆದ ಜಿಂದರ್ ಮಹಲ್ 2017ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸೋತದ್ದು ಟ್ರಿಪಲ್ ಎಚ್‌ಗೆ, ಅಂದರೆ ಕಂಪನಿಯ ಉನ್ನತ ಅಧಿಕಾರಿಗೇ. ಪಂದ್ಯದ ನಂತರ ಇಬ್ಬರೂ ಭಾಂಗ್ರಾ ಕುಣಿದರು. (ಜಿಂದರ್ ಹುಟ್ಟಿದ್ದು ಹಾರ್ಟ್‌ನ ಕ್ಯಾಲ್ಗರಿಯಲ್ಲೇ.)

ತವರಿನಲ್ಲಿ ಎಲ್ಲರೂ ಗೆಲ್ಲಲೇಬೇಕು ಎಂದು ನಾನು ವಾದಿಸಲಾರೆ. ಫಲಿತಾಂಶ ಮೊದಲೇ ಊಹಿಸುವಂತಾದರೆ ಕುಸ್ತಿ ನೋಡುವುದೇಕೆ? ಆದರೆ ಹಳೆಯ ಆಯೋಜಕ ಮುಂದಿನ ತಿಂಗಳು ಅದೇ ಊರಿಗೆ ಬಂದು ಸಾಲ ತೀರಿಸುತ್ತಿದ್ದ. ಸ್ಕಾಟ್ಲೆಂಡಿನ ಡ್ರೂ ಮೆಕಿಂಟೈರ್‌ನ ಲೆಕ್ಕ ನೋಡಿ. 1992ರ ವೆಂಬ್ಲಿಯ ನಂತರ ಕಂಪನಿ ಬ್ರಿಟನ್ನಿನ ಕ್ರೀಡಾಂಗಣವೊಂದರಲ್ಲಿ ಇಂಥ ದೊಡ್ಡ ಪ್ರದರ್ಶನ ಇಟ್ಟದ್ದು ಮೂವತ್ತು ವರ್ಷಕ್ಕೆ, ವೇಲ್ಸ್‌ನ ಕಾರ್ಡಿಫ್‌ನಲ್ಲಿ. ವೆಂಬ್ಲಿಯಲ್ಲಿ ಬ್ರಿಟಿಷ್ ಬುಲ್‌ಡಾಗ್ ಗೆದ್ದಿದ್ದ. ಕಾರ್ಡಿಫ್‌ನಲ್ಲಿ ಮೆಕಿಂಟೈರ್ ರೋಮನ್ ರೇನ್ಸ್‌ಗೆ ಸೋತ. 2024ರ ಜೂನ್ 15ರಂದು ಸ್ಕಾಟ್ಲೆಂಡಿನದೇ ಗ್ಲಾಸ್ಗೋದಲ್ಲಿ ಎದುರಾಳಿಯನ್ನು ನೆಲಕ್ಕೊತ್ತಿದ್ದಾಗ ರೆಫರಿಯ ಅಂಗಿ ತೊಟ್ಟು ಬಂದ ಅವನ ಹಗೆ ಸಿ.ಎಂ. ಪಂಕ್, ಮೂರು ಎಣಿಸಿದರೆ ಗೆಲುವು ಎನ್ನುವಾಗ ‘ಎರಡು’ ಎಣಿಸಿ ಕೈ ತಡೆದ. ಮೆಕಿಂಟೈರ್ ಮತ್ತೆ ಸೋತ. ಪಂಕ್ ಮೇಲಿನ ಸೇಡು ತೀರಿದ್ದು ಆಗಸ್ಟ್‌ನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಗ್ಲಾಸ್ಗೋದವರು ಅದನ್ನು ಟಿವಿಯಲ್ಲಿ ನೋಡಬೇಕಾಯಿತು.