ಕಂಪ್ಯೂಟರಿಗೆ ನೀರು ಹರಿಸಿದವರು

1998ರ ಆಗಸ್ಟ್ ತಿಂಗಳಲ್ಲಿ ಇಂಟೆಲ್ ಕಂಪನಿ ಎರಡು ಪ್ರೊಸೆಸರ್‌ಗಳನ್ನು ಜೊತೆಯಾಗಿ ಮಾರುಕಟ್ಟೆಗೆ ಬಿಟ್ಟಿತು. 450 ಮೆಗಾಹರ್ಟ್ಸ್ ವೇಗದ ಪೆಂಟಿಯಂ 2ರ ಬೆಲೆ ಸುಮಾರು 670 ಡಾಲರ್. ಕಡಿಮೆ ದುಡ್ಡಿನವರಿಗೆಂದು ತಂದ ಸೆಲೆರಾನ್ 300ಎ ಸುಮಾರು 150 ಡಾಲರ್. ಎರಡೂ ಒಂದೇ ಕುಲದ ಚಿಪ್‌ಗಳು. ಸೆಲೆರಾನ್ ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಗಡಿಯಾರವನ್ನು, ಅಂದರೆ ಚಿಪ್ಪಿಗೆ ತಾಳ ಕೊಡುವ ಮಿಡಿತವನ್ನು, ನಾಲ್ಕೂವರೆಯಿಂದ ಗುಣಿಸಿಕೊಂಡು 300ಕ್ಕೆ ಮುಟ್ಟುತ್ತಿತ್ತು. ಆ ಗಡಿಯಾರವನ್ನೇ 100ಕ್ಕೆ ಏರಿಸಿದರೆ? ಅದೇ ನಾಲ್ಕೂವರೆಯ ಲೆಕ್ಕದಲ್ಲಿ 450 ಸಿಗುತ್ತದೆ. ಬಹಳಷ್ಟು ಸೆಲೆರಾನ್‌ಗಳು ತಕರಾರಿಲ್ಲದೆ ಆ ವೇಗದಲ್ಲಿ ಓಡಿದವು. ಐನೂರು ಡಾಲರ್ ಉಳಿಸುವ ಈ ಉಪಾಯ ಕಾಲೇಜು ಹುಡುಗರ ಕೋಣೆಗಳಲ್ಲಿ ಬೆಂಕಿಯಂತೆ ಹಬ್ಬಿತು. ಅದರ ಬೆನ್ನಿಗೇ ಇನ್ನೊಂದು ಸಮಸ್ಯೆ ಬಂತು: ಶಾಖ.

ಚಿಪ್ ಒಂದು ನುಂಗುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಹೆಚ್ಚಿಸಿದಾಗ ಚಿಪ್ ತಡಬಡಾಯಿಸದಂತೆ ವೋಲ್ಟೇಜನ್ನೂ ಸ್ವಲ್ಪ ಏರಿಸಬೇಕಾಗುತ್ತದೆ. ಎರಡನ್ನೂ ಶೇಕಡ 10ರಷ್ಟು ಏರಿಸಿದರೆ ಶಾಖ ಶೇಕಡ 33ರಷ್ಟು ಜಾಸ್ತಿ. ಬಿಸಿಯಾದ ಟ್ರಾನ್ಸಿಸ್ಟರುಗಳು ಇನ್ನಷ್ಟು ವಿದ್ಯುತ್ತನ್ನು ಸುಮ್ಮನೆ ಸೋರಿಸುತ್ತವೆ, ಅದರಿಂದ ಮತ್ತಷ್ಟು ಬಿಸಿ. ಆಗಿನ ಚಿಪ್ಪಿನ ಶಾಖ ಹೀರಿ ಗಾಳಿಗೆ ಬಿಡುವ ಅಂಗೈಯಗಲದ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗಳು ಮತ್ತು ಕಿವಿ ಕೊರೆಯುವ ಪುಟ್ಟ ಫ್ಯಾನ್‌ಗಳು ಇದಕ್ಕೆ ಸಾಟಿಯಾಗಿರಲಿಲ್ಲ.

ಆಗ ನೀರು ಬಂತು. ದೊಡ್ಡ ಯಂತ್ರಗಳಿಗೆ ಅದು ಹೊಸದಲ್ಲ. ಐಬಿಎಂ ಕಂಪನಿಯ ಮೇನ್‌ಫ್ರೇಮ್‌ಗಳ ಒಳಗೆ 1960ರ ದಶಕದಿಂದಲೇ ನೀರು ಹರಿಯುತ್ತಿತ್ತು. ಹೊಸದಾಗಿದ್ದದ್ದು ಮೇಜಿನ ಕೆಳಗಿನ ಡಬ್ಬಕ್ಕೆ ಅದನ್ನು ತರುವ ಧೈರ್ಯ. ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತಿರಲಿಲ್ಲ. ಆದ್ದರಿಂದ ಪಂಪಿಗೆ ಮೀನಿನ ತೊಟ್ಟಿಯ ಮೊರೆ ಹೋದರು. ಜರ್ಮನಿಯ ಈಹೈಮ್ ಕಂಪನಿಯ ಅಕ್ವೇರಿಯಂ ಪಂಪುಗಳಿಗೆ ಈ ಬಳಗದಲ್ಲಿ ದೊಡ್ಡ ಹೆಸರಿತ್ತು. ಅವು ಗೋಡೆಯ ವಿದ್ಯುತ್ತಿನಿಂದ ನಡೆಯುವಂಥವು. ಪಂಪ್ ಹಾಕುವುದನ್ನು ಮರೆತು ಕಂಪ್ಯೂಟರ್ ಹಾಕಿದರೆ ಕೆಲಸ ಕೆಟ್ಟಿತು. ಅದಕ್ಕಾಗಿ ಎರಡನ್ನೂ ಒಟ್ಟಿಗೆ ಚಾಲೂ ಮಾಡುವ ರಿಲೇ ಕಟ್ಟಿಕೊಳ್ಳುತ್ತಿದ್ದರು. ರೇಡಿಯೇಟರಿಗೆ ಹಳೆಯ ಕಾರುಗಳ ಹೀಟರ್ ಕೋರ್, ಅಂದರೆ ಚಳಿಗಾಲದಲ್ಲಿ ಕಾರಿನೊಳಗೆ ಬಿಸಿಗಾಳಿ ಊದುವ ಪುಟ್ಟ ತಾಮ್ರದ ಜಾಲರಿ. 1977ರ ಪಾಂಟಿಯಾಕ್ ಬಾನ್‌ವಿಲ್ ಕಾರಿನ ಹೀಟರ್ ಕೋರ್ ಎರಡು 120 ಮಿಲಿಮೀಟರ್ ಫ್ಯಾನ್‌ಗಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಆ ಕಾರನ್ನು ಜನ್ಮದಲ್ಲಿ ಕಂಡಿರದವರೂ ಗುಜರಿಯಲ್ಲಿ ಅದರ ಭಾಗ ಹುಡುಕಿದರು. ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕನ್ನು ತಾಮ್ರದ ತುಂಡಿನಲ್ಲಿ ತಾವೇ ಕೊರೆದುಕೊಳ್ಳುತ್ತಿದ್ದರು.

ನೀರೇ ಏಕೆ? ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಜೂಲ್ ಸಾಕು. ಒಂದು ಲೀಟರ್ ನೀರಿಗೆ 4,186 ಜೂಲ್ ಬೇಕು. ಅಷ್ಟೇ ಜಾಗದಲ್ಲಿ ನೀರು ಸುಮಾರು ಮೂರೂವರೆ ಸಾವಿರ ಪಟ್ಟು ಶಾಖ ಹೊರುತ್ತದೆ. ನಿಮಿಷಕ್ಕೆ ನಾಲ್ಕು ಲೀಟರ್ ಹರಿಯುವ ಕೊಳವೆಗೆ 300 ವ್ಯಾಟ್ ಶಾಖ ಸುರಿದರೂ ನೀರಿನ ತಾಪ ಏರುವುದು ಒಂದು ಡಿಗ್ರಿಯಷ್ಟು ಮಾತ್ರ. ಹೊಸಬರು ಇದನ್ನು ನಂಬುವುದೇ ಇಲ್ಲ. ‘ಮೊದಲು ಪ್ರೊಸೆಸರ್, ಆಮೇಲೆ ರೇಡಿಯೇಟರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್’ ಎಂದು ಕೊಳವೆಯ ಅನುಕ್ರಮಕ್ಕಾಗಿ ತಲೆಕೆಡಿಸಿಕೊಳ್ಳುತ್ತಾರೆ. ಸುತ್ತಿನಲ್ಲಿ ಎಲ್ಲಿ ಮುಟ್ಟಿದರೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ. ಅನುಕ್ರಮದಿಂದ ಆಗುವ ವ್ಯತ್ಯಾಸ ಒಂದೆರಡು ಡಿಗ್ರಿ ದಾಟುವುದಿಲ್ಲ.

ಆದರೆ ನೀರು ಶಾಖವನ್ನು ಸಾಗಿಸುತ್ತದೆಯೇ ಹೊರತು ಮಾಯ ಮಾಡುವುದಿಲ್ಲ. ಕೊನೆಗೆ ಅದನ್ನು ಕೋಣೆಯ ಗಾಳಿಗೇ ಒಪ್ಪಿಸಬೇಕು. ಸುಮಾರಾದ ರೇಡಿಯೇಟರ್ ಇದ್ದರೆ ನೀರು ಕೋಣೆಗಿಂತ ಹತ್ತು ಡಿಗ್ರಿ ಬಿಸಿಯಾಗಿ ನಿಲ್ಲುತ್ತದೆ. ಬೆಂಗಳೂರಿನ 27 ಡಿಗ್ರಿಯಲ್ಲಿ ಅದು ಲೆಕ್ಕಕ್ಕಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ನೀರು 50 ಡಿಗ್ರಿ ದಾಟುತ್ತದೆ. ಈ ಹವ್ಯಾಸದ ಬಹುತೇಕ ಪಂಪುಗಳಿಗೆ ತಯಾರಕರು ಹೇಳುವ ಮಿತಿಯೇ 60 ಡಿಗ್ರಿ.

ಕೋಣೆಯ ತಾಪಕ್ಕಿಂತ ಕೆಳಗಿಳಿಯುವ ಒಂದು ಅಗ್ಗದ ದಾರಿಯನ್ನೂ ಆ ಕಾಲದವರು ಹುಡುಕಿದ್ದರು. ಆಳೆತ್ತರದ ಪಿವಿಸಿ ಪೈಪು ನಿಲ್ಲಿಸಿ, ಮೇಲಿನಿಂದ ನೀರನ್ನು ತುಂತುರಾಗಿ ಬೀಳಿಸಿ, ಕೆಳಗಿನಿಂದ ಫ್ಯಾನ್ ಊದಿಸುತ್ತಿದ್ದರು. ನೀರಿನ ಒಂದಂಶ ಆವಿಯಾಗಿ ಉಳಿದದ್ದನ್ನು ತಂಪು ಮಾಡುತ್ತದೆ. ನಮ್ಮ ಮಣ್ಣಿನ ಹೂಜಿ ಮಾಡುವುದೂ ಇದನ್ನೇ. ಒಣಹವೆಯ ಕಲಬುರಗಿಯಲ್ಲಿ ಇದು ಸೊಗಸಾಗಿ ನಡೆದೀತು, ಮಂಗಳೂರಿನ ಸೆಖೆಯಲ್ಲಿ ನಡೆಯದು. ದಿನಾ ನೀರು ಸುರಿಯುತ್ತಿರಬೇಕು, ಕೋಣೆ ಒದ್ದೆಗಟ್ಟುತ್ತದೆ, ಧೂಳೆಲ್ಲ ನೀರಿಗೇ ಬೀಳುತ್ತದೆ. ಹೀಗಾಗಿ ಆ ಗೋಪುರಗಳು ಬೇಗನೆ ಮೂಲೆ ಸೇರಿದವು.

ವಾಟರ್ ಬ್ಲಾಕಿನ ಕಥೆ ಮಾತ್ರ ನಿಜಕ್ಕೂ ಎಂಜಿನಿಯರಿಂಗ್. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಟಕರ್ಮನ್ ಮತ್ತು ಫೇಬಿಯನ್ ಪೀಸ್ ಸಿಲಿಕಾನಿನಲ್ಲೇ ಸುಮಾರು 50 ಮೈಕ್ರಾನ್ ಅಗಲದ ಕಾಲುವೆಗಳನ್ನು ಕೆತ್ತಿ, ನೀರು ಹಾಯಿಸಿ, ಚದರ ಸೆಂಟಿಮೀಟರಿಗೆ 790 ವ್ಯಾಟ್ ಶಾಖವನ್ನು ಹೊರಹಾಕಿ ತೋರಿಸಿದ್ದರು. ಗೋಡೆಗೆ ತಾಗಿದ ನೀರಿನ ತೆಳುಪದರ ಬಹುತೇಕ ನಿಂತೇ ಇರುತ್ತದೆ. ಶಾಖಕ್ಕೆ ದೊಡ್ಡ ಅಡ್ಡಿ ಅದೇ. ಕಾಲುವೆ ಕಿರಿದಾದಷ್ಟೂ ಆ ಪದರ ತೆಳುವಾಗುತ್ತದೆ. ಹವ್ಯಾಸಿಗಳ ಬ್ಲಾಕುಗಳು ದಪ್ಪ ತಿರುವುಮುರುವು ಕಾಲುವೆಗಳಿಂದ ಹೊರಟು, ನೀರನ್ನು ನೇರವಾಗಿ ತಳಕ್ಕೆ ಚಿಮ್ಮಿಸುವ ಸಣ್ಣ ರಂಧ್ರಗಳಿಗೆ ಬಂದು, ಕೊನೆಗೆ ಕೂದಲೆಳೆಯಷ್ಟು ತೆಳು ತಾಮ್ರದ ರೆಕ್ಕೆಗಳಿಗೆ ಬಂದು ನಿಂತವು. ವರ್ಷಗಟ್ಟಲೆ ಓಡಿದ ಬ್ಲಾಕನ್ನು ಬಿಚ್ಚಿ ನೋಡಿದರೆ ಆ ರೆಕ್ಕೆಗಳ ನಡುವೆ ಹಸಿರು ಬೂದು ಬಣ್ಣದ ಲೋಳೆ ಕಟ್ಟಿಕೊಂಡಿರುತ್ತದೆ. ಅರ್ಧ ಪಾಚಿ, ಅರ್ಧ ಪ್ಲಾಸ್ಟಿಕ್ ಕೊಳವೆಯನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ. ಹಲ್ಲುಜ್ಜುವ ಬ್ರಷ್ಷೇ ಗತಿ.

ಹೊಸ ಲೂಪಿಗೆ, ಅಂದರೆ ನೀರು ಸುತ್ತುವ ಇಡೀ ಜಾಲಕ್ಕೆ, ಮೊದಲ ಬಾರಿ ನೀರು ತುಂಬುವ ವಿಧಾನವನ್ನೂ ಹೇಳಬೇಕು. ಮದರ್‌ಬೋರ್ಡಿಗೆ ವಿದ್ಯುತ್ ಕೊಡುವ 24 ಪಿನ್ನಿನ ಕನೆಕ್ಟರನ್ನು ಕಿತ್ತು, ಅದರ ಹಸಿರು ತಂತಿಯ ಪಿನ್ನನ್ನು ಪಕ್ಕದ ಕಪ್ಪು ತಂತಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸುತ್ತಾರೆ. ಕಂಪ್ಯೂಟರ್ ಚಾಲೂ ಆಗಿದೆ ಎಂದು ಪವರ್ ಸಪ್ಲೈ ಭ್ರಮಿಸುತ್ತದೆ, ಪಂಪ್ ಮಾತ್ರ ತಿರುಗುತ್ತದೆ. ಪಂಪಿನ ಬೇರಿಂಗಿಗೆ ನೀರೇ ಎಣ್ಣೆ, ಆದ್ದರಿಂದ ಅದು ಒಣಗಿ ತಿರುಗಕೂಡದು. ತೊಟ್ಟಿ ಬರಿದಾಗುವ ಮೊದಲೇ ನಿಲ್ಲಿಸಿ, ತುಂಬಿಸಿ, ಮತ್ತೆ ಹಾಕಬೇಕು. ಪ್ರತಿ ಫಿಟ್ಟಿಂಗಿನ ಕೆಳಗೂ ಟಿಶ್ಯೂ ಕಾಗದ. ಡಬ್ಬವನ್ನು ಅತ್ತಿತ್ತ ವಾಲಿಸಿದಾಗ ರೇಡಿಯೇಟರಿನೊಳಗಿಂದ ಗುಳುಗುಳು ಸದ್ದು ಮಾಡುತ್ತ ಗುಳ್ಳೆಗಳು ಹೊರಡುತ್ತವೆ. ಒಂದು ಹಗಲು ಒಂದು ರಾತ್ರಿ ಹೀಗೆ ಓಡಿಸಿ, ಟಿಶ್ಯೂ ಒಣಗಿಯೇ ಇದ್ದರೆ ಮಾತ್ರ ಉಳಿದ ಭಾಗಗಳಿಗೆ ವಿದ್ಯುತ್ತು. ಆ ರಾತ್ರಿ ನಿದ್ದೆ ಬಂದವರನ್ನು ನಾನು ಕಂಡಿಲ್ಲ.

ಈ ಭಯವನ್ನೇ ಬಂಡವಾಳ ಮಾಡಿಕೊಂಡದ್ದು ಡೆನ್ಮಾರ್ಕಿನ ಅಸೆಟೆಕ್. ಪಂಪ್, ಬ್ಲಾಕ್, ರೇಡಿಯೇಟರ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಜೋಡಿಸಿ, ನೀರು ತುಂಬಿ, ಮುಚ್ಚಿ ಮಾರುವುದು ಅದರ ಯೋಜನೆ. 2009ರಲ್ಲಿ ಕೋರ್ಸೇರ್ ಹೆಸರಿನಲ್ಲಿ ಬಂದ ಎಚ್50 ಈ ಬಗೆಯನ್ನು ಮನೆಮಾತಾಗಿಸಿತು. ನಾಲ್ಕು ಸ್ಕ್ರೂ ತಿರುಗಿಸಿದರೆ ಕೆಲಸ ಮುಗಿಯಿತು. ಅಸೆಟೆಕ್ ತನ್ನ ಪೇಟೆಂಟುಗಳನ್ನು ಹಿಡಿದು ಎದುರಾಳಿಗಳ ಮೇಲೆ ನ್ಯಾಯಾಲಯಕ್ಕೂ ಹೋಯಿತು; ಹಳೆಯ ಹವ್ಯಾಸಿಗಳ ಮೆಚ್ಚಿನ ಸ್ವಿಫ್ಟೆಕ್ ಕಂಪನಿ ತನ್ನ ಎಚ್220 ಮಾದರಿಯನ್ನು 2013ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಕೊಳವೆ ಕತ್ತರಿಸಿ ಜೋಡಿಸುವವರಿಗೆ ಭಾಗಗಳನ್ನು ಒದಗಿಸುತ್ತಿದ್ದ ಡೇಂಜರ್ ಡೆನ್ ಅದಕ್ಕೂ ಮೊದಲೇ, 2012ರಲ್ಲಿ, ಬಾಗಿಲು ಮುಚ್ಚಿತ್ತು.

ಹಾಗೆಂದು ಹವ್ಯಾಸ ಸಾಯಲಿಲ್ಲ, ವೇಷ ಬದಲಿಸಿತು. 2013ರ ಆಸುಪಾಸಿನಿಂದ ಮೆತ್ತನೆಯ ಕೊಳವೆಯ ಜಾಗಕ್ಕೆ ಅಕ್ರಿಲಿಕ್ ಮತ್ತು ಪಿಇಟಿಜಿ ಎಂಬ ಪ್ಲಾಸ್ಟಿಕ್ಕುಗಳ ಗಟ್ಟಿ ಕೊಳವೆಗಳು ಬಂದವು. ಹೀಟ್ ಗನ್ನಿನಲ್ಲಿ ಕಾಯಿಸಿ, ಒಳಗೆ ಸಿಲಿಕೋನ್ ಹಗ್ಗ ತೂರಿಸಿ, ಲಂಬಕೋನಕ್ಕೆ ಬಗ್ಗಿಸುವ ಕಲೆ ಬೆಳೆಯಿತು. ಗಾಜಿನ ಪಕ್ಕೆಯ ಡಬ್ಬಗಳು, ಬಣ್ಣಬಣ್ಣದ ದೀಪಗಳು, ಹಾಲಿನಂತೆ ಕಾಣುವ ದ್ರವಗಳು. ಬ್ರಿಟನ್ನಿನ ಮೇಹೆಮ್ಸ್ ಕಂಪನಿಯ ಅರೋರಾ ದ್ರವದಲ್ಲಿ ಮಿನುಗುವ ಕಣಗಳು ಸುಳಿಯುತ್ತಿದ್ದವು. ದಿನಬಳಕೆಗಲ್ಲ, ಪ್ರದರ್ಶನಕ್ಕೆ ಮಾತ್ರ ಎಂದು ಅವರೇ ಹೇಳುತ್ತಿದ್ದರು. ನನ್ನ ಮಟ್ಟಿಗೆ ಹವ್ಯಾಸ ದಾರಿ ತಪ್ಪಿದ್ದು ಇಲ್ಲಿ. ಐನೂರು ಡಾಲರ್ ಉಳಿಸಲು ಹುಟ್ಟಿದ್ದು ಐನೂರು ಡಾಲರ್ ಖರ್ಚು ಮಾಡಿಸುವ ಅಲಂಕಾರವಾಯಿತು. ಆ ಕೊಳವೆಗಳನ್ನು ಬಗ್ಗಿಸುವ ಕೈಚಳಕ ಸಾಮಾನ್ಯದ್ದಲ್ಲ, ಅದನ್ನು ಒಪ್ಪುತ್ತೇನೆ.

ಅಡಿಪಾಯ ಕುಸಿದದ್ದು ಮಾತ್ರ ಚಿಪ್ಪಿನ ಒಳಗೆ. ಇಂಟೆಲ್ 2008ರಲ್ಲಿ ಟರ್ಬೊ ಬೂಸ್ಟ್ ತಂದಿತು. 2012ರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್‌ಗಳಿಗೂ ಅಂಥದ್ದೇ ವ್ಯವಸ್ಥೆ ಬಂತು. ತಾಪ ಮತ್ತು ವಿದ್ಯುತ್ತಿನ ಲೆಕ್ಕ ನೋಡಿಕೊಂಡು ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಸೆಲೆರಾನಿನಲ್ಲಿ ಬಳಕೆದಾರನಿಗೆ ಸಿಕ್ಕಿದ್ದ ಶೇಕಡ 50ರ ಲಾಭವನ್ನು ಈಗ ಕಾರ್ಖಾನೆಯೇ ಮೊದಲು ಹಿಂಡಿಕೊಂಡಿರುತ್ತದೆ. ಉಳಿದ ತೊಟ್ಟುಗಳಿಗಾಗಿ ನೀರು ಹರಿಸಬೇಕು.

ಹರಿಸಿದರೂ ಶಾಖ ನೀರನ್ನು ತಲುಪಬೇಕಲ್ಲ! 2001ರ ಎಎಂಡಿ ಕಂಪನಿಯ 1.4 ಗಿಗಾಹರ್ಟ್ಸ್ ಅಥ್ಲಾನ್ ಪ್ರೊಸೆಸರ್ ಸುಮಾರು 120 ಚದರ ಮಿಲಿಮೀಟರಿನಿಂದ 72 ವ್ಯಾಟ್ ಹೊರಹಾಕುತ್ತಿತ್ತು. ಚದರ ಸೆಂಟಿಮೀಟರಿಗೆ 60 ವ್ಯಾಟ್. ಸಿಲಿಕಾನ್ ಬೆತ್ತಲೆಯಾಗಿಯೇ ಇರುತ್ತಿತ್ತು, ಬ್ಲಾಕ್ ನೇರ ಅದರ ಮೇಲೆ ಕೂರುತ್ತಿತ್ತು. ಅದೇ ಕಂಪನಿಯ 2022ರ ರೈಜೆನ್ 7000 ಸಾಲಿನ ಪ್ರೊಸೆಸರ್‌ನಲ್ಲಿ ಕೆಲಸ ಮಾಡುವ ತುಣುಕು 70 ಚದರ ಮಿಲಿಮೀಟರಿನ ಆಸುಪಾಸಿನದು, ಅದರಿಂದ 100 ವ್ಯಾಟ್ ಹೊರಡಬಲ್ಲದು. ಅಂದರೆ ಚದರ ಸೆಂಟಿಮೀಟರಿಗೆ 140 ವ್ಯಾಟ್. ಮೇಲೆ ದಪ್ಪನೆಯ ಲೋಹದ ಮುಚ್ಚಳ ಬೇರೆ. ತಾಪದ ಏರಿಕೆ ಬಹುಪಾಲು ಸಿಲಿಕಾನಿಗೂ ಮುಚ್ಚಳಕ್ಕೂ ನಡುವೆಯೇ ಆಗಿಹೋಗುತ್ತದೆ, ಅದಕ್ಕೆ ಹೊರಗಿನ ನೀರು ಏನೂ ಮಾಡಲಾರದು. ಎಎಂಡಿ ಕಂಪನಿ 95 ಡಿಗ್ರಿಯಲ್ಲಿ ಓಡುವುದೇ ಈ ಚಿಪ್ಪುಗಳ ಸಹಜ ಸ್ಥಿತಿ ಎಂದು ಘೋಷಿಸಿಬಿಟ್ಟಿತು. ಮುಚ್ಚಳ ಕಿತ್ತು ನೀರನ್ನು ನೇರ ಸಿಲಿಕಾನಿನ ಮೇಲೆ ಹರಿಸುವ ಗಟ್ಟಿಗರಿದ್ದಾರೆ. ವಾರಂಟಿ ಅಲ್ಲಿಗೆ ಮುಗಿಯಿತು.

ಇತ್ತ ಆಸ್ಟ್ರಿಯಾದ ನಾಕ್ಟುವಾದಂಥ ಕಂಪನಿಗಳ ಗಾಳಿ ಕೂಲರ್‌ಗಳು ಸದ್ದಿಲ್ಲದೆ ಉತ್ತಮಗೊಂಡವು. ಎರಡು ಮೂರು ಗ್ರಾಫಿಕ್ಸ್ ಕಾರ್ಡುಗಳನ್ನು ಒತ್ತೊತ್ತಾಗಿ ಕೂರಿಸುವ ಕಾಲದಲ್ಲಿ ನೀರು ಅನಿವಾರ್ಯವಾಗಿತ್ತು. ಆ ಪದ್ಧತಿಯೂ ಹೋಯಿತು. ಎನ್‌ವಿಡಿಯಾದ 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡಿಗೆ ಇಟ್ಟಿಗೆ ಗಾತ್ರದ ಕೂಲರ್ ಕಾರ್ಖಾನೆಯಿಂದಲೇ ಬರುತ್ತಿತ್ತು. ಲಕ್ಷ ರೂಪಾಯಿ ದಾಟಿದ ಆ ಕಾರ್ಡನ್ನು ಬಿಚ್ಚಿ, ಅದೊಂದಕ್ಕೇ ಹೊಂದುವ ಬ್ಲಾಕ್ ತರಿಸಿ ಜೋಡಿಸಿದರೆ ಸಿಗುವುದು ಕೆಲವು ಡಿಗ್ರಿ ತಂಪು, ಒಂದಿಷ್ಟು ನಿಶ್ಶಬ್ದ. ಕಾರ್ಡ್ ಮಾರಿದ ದಿನ ಬ್ಲಾಕ್ ಗುಜರಿ. 2024ರ ಏಪ್ರಿಲ್‌ನಲ್ಲಿ ಈ ಹವ್ಯಾಸದ ಅತಿ ದೊಡ್ಡ ಹೆಸರಾದ ಸ್ಲೊವೇನಿಯಾದ ಇಕೆಡಬ್ಲ್ಯುಬಿ ಕಂಪನಿ ಸಿಬ್ಬಂದಿಗೂ ಸರಬರಾಜುದಾರರಿಗೂ ಹಣ ಬಾಕಿ ಇಟ್ಟಿದೆ ಎಂಬ ವರದಿಗಳು ಹೊರಬಂದಾಗ, ವರ್ಷಗಳಿಂದ ಗಮನಿಸುತ್ತಿದ್ದವರಿಗೆ ಬೇಸರವಾಯಿತು, ಅಚ್ಚರಿಯಾಗಲಿಲ್ಲ.

ವಿಚಿತ್ರವೆಂದರೆ, ಅದೇ ವರ್ಷದ ಮಾರ್ಚ್‌ನಲ್ಲಿ ಎನ್‌ವಿಡಿಯಾ 72 ಗ್ರಾಫಿಕ್ಸ್ ಚಿಪ್‌ಗಳನ್ನು ಒಂದೇ ಕಪಾಟಿನಲ್ಲಿ ತುರುಕಿದ ಯಂತ್ರವನ್ನು ಘೋಷಿಸಿತ್ತು. ಸುಮಾರು 120 ಕಿಲೋವ್ಯಾಟ್ ಶಾಖ. ಗಾಳಿಯನ್ನು 15 ಡಿಗ್ರಿಯಷ್ಟು ಬಿಸಿಯಾಗಲು ಬಿಟ್ಟರೂ ಪ್ರತಿ ಸೆಕೆಂಡಿಗೆ ಆರೂವರೆ ಘನಮೀಟರ್‌ಗೂ ಹೆಚ್ಚು ಗಾಳಿಯನ್ನು ಒಂದು ಕಪಾಟಿನ ಮೂಲಕ ಊದಬೇಕು. ನೀರಾದರೆ, ಹತ್ತು ಡಿಗ್ರಿ ಏರಿಕೆಗೆ, ಸೆಕೆಂಡಿಗೆ ಮೂರು ಲೀಟರ್ ಸಾಕು. ಹಾಗಾಗಿ ಆ ಯಂತ್ರ ನೀರಿನಿಂದಲೇ ತಣಿಯುತ್ತದೆ. ಒಳಗಿರುವುದು ಅದೇ ತೆಳು ರೆಕ್ಕೆಗಳ ತಾಮ್ರದ ತಟ್ಟೆ, ಅದೇ ರಬ್ಬರ್ ಕೊಳವೆ, ಬಿಚ್ಚಿದರೂ ತೊಟ್ಟಿಕ್ಕದ ಅದೇ ಬಗೆಯ ಕನೆಕ್ಟರ್. 2001ರಲ್ಲಿ ಮನೆ ಕಂಪ್ಯೂಟರುಗಳ ಕೂಲರಿನಿಂದ ಶುರುವಾದ ಕೆನಡಾದ ಕೂಲ್‌ಐಟಿ ಡೇಟಾ ಸೆಂಟರುಗಳತ್ತ ಹೊರಳಿತು. 2023ರಲ್ಲಿ ಕೆಕೆಆರ್ ಎಂಬ ದೈತ್ಯ ಹೂಡಿಕೆ ಸಂಸ್ಥೆ ಅದನ್ನು ಕೊಂಡಿತು. ಅಸೆಟೆಕ್ ಕೂಡ ಅದೇ ಕ್ಷೇತ್ರದಲ್ಲಿ ಕೈಯಾಡಿಸಿ, ಬೇಸತ್ತು, ರೇಸಿಂಗ್ ಆಟಗಳ ಸ್ಟೀರಿಂಗ್ ಮತ್ತು ಪೆಡಲ್ ಮಾಡುವ ಕಡೆ ತಿರುಗಿತ್ತು. ಕಾಲಜ್ಞಾನ ಎಲ್ಲರಿಗೂ ಇರುವುದಿಲ್ಲ.

ಇಷ್ಟಾದ ಮೇಲೂ ಕೈ ತುರಿಸುವವರು ಪ್ರೊಸೆಸರನ್ನು ಬಿಟ್ಟು ಗ್ರಾಫಿಕ್ಸ್ ಕಾರ್ಡಿಗೆ ನೀರು ಕೊಡುವುದು ಒಳ್ಳೆಯದು. ಅದರ ಸಿಲಿಕಾನ್ ದೊಡ್ಡದು, ಮುಚ್ಚಳವಿಲ್ಲ, ಶಾಖ ಸಲೀಸಾಗಿ ನೀರಿಗಿಳಿಯುತ್ತದೆ. ಗಟ್ಟಿ ಕೊಳವೆಯ ಶೋಕಿ ಬೇಡ. ಕಪ್ಪು ಇಪಿಡಿಎಂ ರಬ್ಬರ್ ಕೊಳವೆ ನೋಡಲು ಅಂದವಿಲ್ಲ, ಆದರೆ ವರ್ಷಗಟ್ಟಲೆ ತಂಟೆ ಮಾಡದು. ಬೋರ್‌ವೆಲ್ ನೀರು ಸುಣ್ಣ ಕಟ್ಟಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಪಾಚಿ ಮತ್ತು ತುಕ್ಕು ತಡೆಯುವ ದ್ರಾವಣವನ್ನು ಅದಕ್ಕೆ ಬೆರೆಸಿಕೊಳ್ಳಬೇಕು. ಅಗ್ಗವೆಂದು ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕಿಗೆ ಜೋಡಿಸಕೂಡದು. ಎರಡು ಲೋಹಗಳ ನಡುವೆ ನೀರು ನಿಂತರೆ ಅದೊಂದು ಬ್ಯಾಟರಿ. ಅಲ್ಯೂಮಿನಿಯಂ ಕರಗುತ್ತ ಹೋಗಿ, ಕೆಲವೇ ತಿಂಗಳಲ್ಲಿ ಬ್ಲಾಕಿನ ರೆಕ್ಕೆಗಳ ನಡುವೆ ಬಿಳಿ ಕೆಸರಾಗಿ ಕೂರುತ್ತದೆ.