ಮಗಳ ಮುಟ್ಟಿನ ನೋವಿಗೆ ‘ನಮಗೂ ಬರ್ತಿತ್ತು’ ಅಂದಿದ್ದೆ

ಮಗಳು ಬಚ್ಚಲುಮನೆಯ ನೆಲದ ಮೇಲೆ ಮುದುರಿಕೊಂಡು ಮಲಗಿದ್ದಳು. ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿಕೊಂಡರೆ ವಾಂತಿ ಸ್ವಲ್ಪ ತಡೆಯುತ್ತದೆ ಅಂತ ಅವಳೇ ಕಂಡುಕೊಂಡಿದ್ದಳು. ಆಗ ಅವಳಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ತಿಂಗಳಿಗೆ ಎರಡು ದಿನ ಕಾಲೇಜು ತಪ್ಪುತ್ತಿತ್ತು. ಆಮೇಲೆ ಅದು ಮೂರಾಯಿತು. ನಾನು ಜೀರಿಗೆ ಕಷಾಯ ಮಾಡಿಕೊಟ್ಟೆ. ಹೊಟ್ಟೆಗೆ ಹರಳೆಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟೆ. ಮಜ್ಜಿಗೆಯಲ್ಲಿ ಮೆಂತ್ಯ ನುಂಗಿಸಿದೆ. ಪ್ರತಿ ಸಲದ ಹಾಗೆ ಆ ಮಾತನ್ನೂ ಹೇಳಿದೆ: “ನಮಗೂ ಬರ್ತಿತ್ತು ಕಣೇ. ಸ್ವಲ್ಪ ತಡ್ಕೋ.”

ನಮ್ಮಮ್ಮ ನನಗೆ ಹೇಳಿದ್ದೂ ಅದನ್ನೇ. ಸಮಾಧಾನಕ್ಕೆ ಹೇಳುವ ಮಾತು. ಆದರೆ ಅದನ್ನು ನಂಬಿಕೊಂಡು ನಾನು ಎರಡು ವರ್ಷ ಸುಮ್ಮನಿದ್ದೆ. ಆ ಎರಡು ವರ್ಷ ನನ್ನ ಮಗಳದ್ದು.

ಮುಟ್ಟಿನ ನೋವೆಲ್ಲ ಕಾಯಿಲೆ ಅಲ್ಲ. ಗರ್ಭಕೋಶದ ಒಳಪದರ ಕಳಚುವ ಹೊತ್ತಿಗೆ ಅಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಹುಟ್ಟುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಹಿಂಡಿದಾಗ ಸ್ನಾಯುವಿಗೆ ಹೋಗುವ ರಕ್ತ ಕಮ್ಮಿಯಾಗುತ್ತದೆ, ನೋವಾಗುತ್ತದೆ. ಇವು ಜಾಸ್ತಿ ಆದರೆ ಕರುಳಿಗೂ ಬಿಸಿ ತಟ್ಟುತ್ತದೆ. ಆ ದಿನಗಳಲ್ಲಿ ಕೆಲವರಿಗೆ ಭೇದಿ, ವಾಂತಿ ಆಗುವುದು ಇದರಿಂದಲೇ. ಇಂಥ ನೋವು ಸಾಮಾನ್ಯವಾಗಿ ಒಂದೆರಡು ದಿನ ಇದ್ದು ಹೋಗುತ್ತದೆ. ನೋವಿನ ಮಾತ್ರೆಗೆ ತಗ್ಗುತ್ತದೆ.

ಮಗಳದ್ದು ತಗ್ಗುತ್ತಿರಲಿಲ್ಲ. ಮುಟ್ಟಾಗುವ ಮೂರು ದಿನ ಮುಂಚೆಯೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಆ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಚಾಕು ಹಾಕಿದಂತೆ ನೋವು. ಇದನ್ನು ಅವಳು ನನಗೆ ಹೇಳಿದ್ದು ತುಂಬಾ ತಡವಾಗಿ. ನಾಚಿಕೆ. ನಾನೂ ಕೇಳಿರಲಿಲ್ಲ. ಮಾಮೂಲಿ ನೋವಿನಿಂದ ಇದನ್ನು ಬೇರೆ ಮಾಡಿ ನೋಡುವುದಕ್ಕೆ ವೈದ್ಯರು ಕೇಳುವುದು ಇಂಥದ್ದನ್ನೇ. ಶಾಲೆ, ಕಾಲೇಜು ತಪ್ಪುತ್ತಿದೆಯಾ? ಮಾತ್ರೆ ನುಂಗಿದರೂ ನೋವು ಉಳಿಯುತ್ತಾ? ಮೂತ್ರ, ಮಲ ಮಾಡುವಾಗ ನೋವಿದೆಯಾ? ಮುಟ್ಟಿಲ್ಲದ ದಿನವೂ ಹೊಟ್ಟೆ ನೋಯುತ್ತಾ? ಹುಡುಗಿಯರಲ್ಲಿ ನೋವು ತಿಂಗಳ ಲೆಕ್ಕಕ್ಕೆ ಸಿಗದೆ ನಡುನಡುವೆ ಬರುವುದೂ ಉಂಟು.

ಇಂಥ ನೋವಿನ ಹಿಂದೆ ಇರಬಹುದಾದ ಕಾಯಿಲೆಯ ಹೆಸರು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಆಚೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಅದೂ ತಿಂಗಳ ಹಾರ್ಮೋನಿಗೆ ಓಗೊಡುತ್ತದೆ. ಗರ್ಭಕೋಶದ ರಕ್ತಕ್ಕೆ ಹೊರಹೋಗಲು ದಾರಿ ಇದೆ. ಇದಕ್ಕೆ ಇಲ್ಲ. ಸುತ್ತಲೂ ಉರಿಯೂತ ಏಳುತ್ತದೆ, ಕಲೆಗಟ್ಟುತ್ತದೆ. ಕೆಲವರಲ್ಲಿ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಾದರೆ ಹಳೆಯ ರಕ್ತ ತುಂಬಿದ ಗಡ್ಡೆಯಾಗುತ್ತದೆ. ಕಂದು ಬಣ್ಣಕ್ಕಿರುವುದರಿಂದ ಅದಕ್ಕೆ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮುಟ್ಟಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದಿದೆ. ಜಗತ್ತಿನಲ್ಲಿ ಒಟ್ಟು 19 ಕೋಟಿ ಮಂದಿ.

ಆ ಅಂಗಾಂಶ ಅಲ್ಲಿಗೆ ಹೇಗೆ ಹೋಯಿತು? ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತ ಸ್ವಲ್ಪ ಹಿಮ್ಮುಖವಾಗಿ ಅಂಡನಾಳಗಳ ಮೂಲಕ ಹೊಟ್ಟೆಯೊಳಗೆ ಹೋಗುತ್ತದೆ, ಅದರಲ್ಲಿರುವ ಕೋಶಗಳು ಅಲ್ಲೇ ಬೇರು ಬಿಡುತ್ತವೆ ಅಂತ. ಆದರೆ ಹೀಗೆ ಹಿಂದಕ್ಕೆ ಹರಿಯುವುದು ಬಹುಪಾಲು ಎಲ್ಲ ಹೆಂಗಸರಲ್ಲೂ ಆಗುತ್ತದೆ. ಕಾಯಿಲೆ ಮಾತ್ರ ಕೆಲವರಿಗಷ್ಟೇ ಬರುತ್ತದೆ. ಹಾಗಾಗಿ ದೇಹದ ರೋಗನಿರೋಧಕ ಶಕ್ತಿ ಮತ್ತು ಹಾರ್ಮೋನುಗಳ ಪಾತ್ರವನ್ನೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ವಂಶವಾಹಿಗಳದ್ದಂತೂ ದೊಡ್ಡ ಪಾತ್ರ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ ಈ ಕಾಯಿಲೆಯ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಹುಟ್ಟಿನಿಂದಲೇ ಬಂದದ್ದು. ತಾಯಿಗೋ ಅಕ್ಕತಂಗಿಗೋ ಇದ್ದರೆ ಅಪಾಯ ಹೆಚ್ಚು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ನಮಗೂ ಬರ್ತಿತ್ತು’ ಅನ್ನುವುದನ್ನು ನಾನು ಮಗಳಿಗೆ ಸಮಾಧಾನ ಅಂತ ಹೇಳುತ್ತಿದ್ದೆ. ಡಾಕ್ಟರಿಗೆ ಹೇಳಬೇಕಿದ್ದ ಮಾತು ಅದು.

ನಾವು ಮೊದಲು ಹೋದ ಕಡೆ ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್ ಮಾಡಿದರು. “ಎಲ್ಲಾ ನಾರ್ಮಲ್ ಇದೆ. ಮದುವೆಯಾಗಿ ಒಂದು ಮಗು ಆದ್ರೆ ಸರಿ ಹೋಗುತ್ತೆ” ಅಂದರು. ಆಟೋದಲ್ಲಿ ಮಗಳು ಕೇಳಿದಳು: “ಅಮ್ಮಾ, ಎಲ್ಲಾ ನಾರ್ಮಲ್ ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅಂತಾನಾ?”

ಅಲ್ಲ. ಸ್ಕ್ಯಾನಿಂಗಿಗೆ ಚಾಕೊಲೇಟ್ ಸಿಸ್ಟ್ ಚೆನ್ನಾಗಿ ಕಾಣುತ್ತದೆ. ಆಳಕ್ಕಿಳಿದ ಗಂಟುಗಳು ನುರಿತ ಕಣ್ಣಿಗೆ ಕಾಣುತ್ತವೆ. ಹೊಟ್ಟೆಯೊಳಗಿನ ಪೊರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೂತ ತೆಳು ಅಂಗಾಂಶ ಸಾಮಾನ್ಯವಾಗಿ ಕಾಣುವುದಿಲ್ಲ. ಹದಿಹರೆಯದವರಲ್ಲಿ ಇಂಥದ್ದೇ ಜಾಸ್ತಿ. ಅದೂ ಬಣ್ಣವಿಲ್ಲದ ಅಥವಾ ಕೆಂಪಗಿನ ಸಣ್ಣ ಗುಳ್ಳೆಗಳ ಹಾಗೆ. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಇನ್ನೂ ಸ್ಪಷ್ಟ, ಆದರೆ ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಅದನ್ನು ಮಾಡುವುದಿಲ್ಲ. ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ. ಅದೂ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. ಸಿಎ 125 ಅನ್ನುವ ರಕ್ತಪರೀಕ್ಷೆಯನ್ನು ನಂಬಿ ತೀರ್ಮಾನಿಸುವುದೂ ಸರಿಯಲ್ಲ. ಬೇರೆ ಕಾರಣಕ್ಕೂ ಅದು ಏರುತ್ತದೆ, ಕಾಯಿಲೆ ಇದ್ದರೂ ಏರದೆ ಇರುತ್ತದೆ. ಇನ್ನು ಮದುವೆ, ಮಗುವಿನ ವಿಷಯ. ಬಸುರಿತನ ಇದಕ್ಕೆ ಮದ್ದಲ್ಲ. ಕಾಯಿಲೆ ವಾಸಿಯಾಗಲಿ ಅಂತ ಬಸುರಾಗಲು ಹೇಳಬಾರದು ಅಂತ ಯುರೋಪಿನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಹದಿನೇಳರ ಹುಡುಗಿಯ ಮುಂದೆ ಆಡುವ ಮಾತೂ ಅಲ್ಲ ಅದು.

ಎರಡನೇ ಡಾಕ್ಟರ ಬಳಿ ಹೋಗುವ ಮುಂಚೆ ಮೂರು ತಿಂಗಳು ಪುಸ್ತಕದಲ್ಲಿ ಬರೆದಿಟ್ಟೆವು. ನೋವು ಯಾವ ದಿನ, ಎಲ್ಲಿ, ಹತ್ತಕ್ಕೆ ಎಷ್ಟು. ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಳು, ಎಷ್ಟು ತಗ್ಗಿತು. ದಿನಕ್ಕೆ ಎಷ್ಟು ಪ್ಯಾಡ್. ಯಾವ ಕ್ಲಾಸು ತಪ್ಪಿತು. ಆ ಡಾಕ್ಟರು ಪುಸ್ತಕವನ್ನು ಪುಟ ತಿರುವಿ ತಿರುವಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಹೇಗಿತ್ತಮ್ಮಾ?” ಅಂದರು. ನಲವತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೇಳಿದೆ. ಬರೆದುಕೊಂಡರು.

“ಎಂಡೋಮೆಟ್ರಿಯೋಸಿಸ್ ಇರಬಹುದು” ಅಂದರು. ‘ಇರಬಹುದು’ ಅಂದಾಗ ನನಗೆ ಗಾಬರಿಯಾಯಿತು. ಅವರು ಬಿಡಿಸಿ ಹೇಳಿದರು. ಹಿಂದೆಲ್ಲ ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಕಣ್ಣಾರೆ ನೋಡಿದ ಮೇಲೆಯೇ ಇದನ್ನು ಖಚಿತ ಮಾಡುತ್ತಿದ್ದರು. ಹೆಸರಿಡಲು ಆಪರೇಷನ್ ಆಗಲೇಬೇಕು ಅಂದಾಗ ವರ್ಷಗಳು ಹಾಗೇ ಉರುಳುತ್ತಿದ್ದವು. ಈಗ ಅಷ್ಟರ ತನಕ ಕಾಯಬೇಕಿಲ್ಲ. ಲಕ್ಷಣ ನೋಡಿ ಔಷಧ ಶುರು ಮಾಡಬಹುದು. ಔಷಧಕ್ಕೂ ಜಗ್ಗದಿದ್ದರೆ ಲ್ಯಾಪರೋಸ್ಕೋಪಿ. ಅಂಥ ಹುಡುಗಿಯರಲ್ಲಿ ಒಳಗೆ ನೋಡಿದಾಗ ಮೂವರಲ್ಲಿ ಇಬ್ಬರಿಗಾದರೂ ಇದು ಸಿಗುತ್ತದೆ ಅಂತ ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2018ರಲ್ಲೇ ಹೇಳಿದೆ.

ಮೊದಲು ನೋವಿನ ಮಾತ್ರೆಯನ್ನು ಸರಿಯಾಗಿ ನುಂಗುವುದನ್ನು ಕಲಿಸಿದರು. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಥರದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ಹಾಗಾಗಿ ತಡೆಯಲಾರದಷ್ಟು ನೋವಾದ ಮೇಲೆ ನುಂಗಿದರೆ ಉಪಯೋಗ ಕಮ್ಮಿ. ನಾವು ಅದನ್ನೇ ಮಾಡುತ್ತಿದ್ದೆವು. ಆದಷ್ಟು ತಡ್ಕೊಂಡು, ಕೊನೆಗೆ ಒಂದು ಮಾತ್ರೆ. ಶುರುವಿನಲ್ಲೇ, ಊಟದ ಮೇಲೆ, ಹೇಳಿದ ಪ್ರಮಾಣದಲ್ಲಿ ನುಂಗಬೇಕು. ಹಾಗಂತ ಮೆಡಿಕಲ್ ಶಾಪಿನಿಂದ ತಂದು ತಂದು ನುಂಗಿಸುವುದೂ ಬೇಡ. ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ಮೈಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಆಮೇಲೆ ಹಾರ್ಮೋನಿನ ಮಾತ್ರೆ. ಇಲ್ಲಿ ಮನೆಯಲ್ಲಿ ಜಗಳವೇ ಆಯಿತು. “ಮದುವೆಯಾಗದ ಹುಡುಗಿಗೆ ಮಕ್ಕಳಾಗದ ಮಾತ್ರೆನಾ?” ಅಂದರು ಅತ್ತೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಅಂಡಾಣು ಬಿಡುಗಡೆ ಮತ್ತೆ ಶುರುವಾಗುತ್ತದೆ. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ತೊಂದರೆಯಿಲ್ಲ. ತೊಂದರೆ ಕೊಡಬಲ್ಲದ್ದು ಕಾಯಿಲೆ. ಅದು ಇದ್ದವರಲ್ಲೂ ಎಷ್ಟೋ ಮಂದಿ ತಾವಾಗಿಯೇ ಬಸುರಾಗುತ್ತಾರೆ. ಗರ್ಭನಿರೋಧಕ ಮಾತ್ರೆ ಆಗಲಿ, ಡೈನೊಜೆಸ್ಟ್ ಅನ್ನುವ ಇನ್ನೊಂದು ಹಾರ್ಮೋನಿನ ಮಾತ್ರೆ ಆಗಲಿ, ಆ ಅಂಗಾಂಶಕ್ಕೆ ಸಿಗುವ ಹಾರ್ಮೋನಿನ ಪೋಷಣೆಯನ್ನು ತಗ್ಗಿಸುತ್ತದೆ. ಡೈನೊಜೆಸ್ಟ್‌ನಲ್ಲಿ ಶುರುವಿನ ತಿಂಗಳುಗಳಲ್ಲಿ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತದೆ. ಮೊದಲೇ ಗೊತ್ತಿಲ್ಲದಿದ್ದರೆ ಹೆದರಿ ಬಿಟ್ಟುಬಿಡುತ್ತೇವೆ. ಬೆಳೆಯುವ ವಯಸ್ಸಾದ್ದರಿಂದ ಈ ಮಾತ್ರೆಯಿಂದ ಮೂಳೆಗೆ ತೊಂದರೆ ಆಗುತ್ತದಾ ಅಂತಲೂ ಕೇಳಬೇಕು. ಮಗಳಿಗೆ ಅರೆತಲೆನೋವು ಇದ್ದರೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಮುಚ್ಚಿಡದೆ ಹೇಳಬೇಕು. ಮಾತ್ರೆಯ ಆಯ್ಕೆ ಅದರ ಮೇಲಿದೆ.

ಬೇಗ ಶುರು ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ನೋವು ವರ್ಷಗಟ್ಟಲೆ ಬಂದುಹೋಗುತ್ತಿದ್ದರೆ ನರಮಂಡಲವೇ ಸೂಕ್ಷ್ಮವಾಗುತ್ತದೆ. ಗಾಯದ ಸುತ್ತಲಿನ ಚರ್ಮ ಬಟ್ಟೆ ತಾಗಿದರೂ ಉರಿಯುವ ಹಾಗೆ. ಆಗ ಅಂಗಾಂಶ ತೆಗೆದರೂ ನೋವು ಪೂರ್ತಿ ಹೋಗದೆ ಇರಬಹುದು. ಒಳಗೆ ಕಾಯಿಲೆ ಎಷ್ಟು ಹರಡಿದೆ ಅನ್ನುವುದಕ್ಕೂ ನೋವು ಎಷ್ಟಿದೆ ಅನ್ನುವುದಕ್ಕೂ ತಾಳೆಯಾಗುವುದಿಲ್ಲ. ಚುಕ್ಕೆಯಷ್ಟಿದ್ದವಳು ಹಾಸಿಗೆ ಹಿಡಿಯಬಹುದು. ಆಪರೇಷನ್ ಆದ ಮೇಲೂ ಕೆಲವರಲ್ಲಿ ಮರಳಿ ಬರುತ್ತದೆ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ಹಿಡಿತದಲ್ಲಿಡುವ ಮದ್ದುಗಳಿವೆ.

ಕರ್ನಾಟಕದಲ್ಲಿ 2025ರಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಸಂಪುಟ ಒಪ್ಪಿತು. ನನಗೆ ತುಂಬಾ ಖುಷಿಯಾಯಿತು. ಕಾಲೇಜಿನ ಹುಡುಗಿ ಅದರಲ್ಲಿ ಬರುವುದಿಲ್ಲ. ಹಾಜರಾತಿ ಕಮ್ಮಿಯಾದಾಗ ಡಾಕ್ಟರ ಚೀಟಿ ಹಿಡಿದು ನಾನೇ ಲೆಕ್ಚರರ್ ಹತ್ತಿರ ಹೋದೆ. ‘ಜ್ವರ’ ಅಂತ ಬರೆಸಲಿಲ್ಲ. ಕಾಯಿಲೆಯ ಹೆಸರನ್ನೇ ಬರೆಸಿದೆ.

ಔಷಧ ಶುರುವಾಗಿ ಈಗ ಐದನೇ ತಿಂಗಳು. ನೋವು ಹತ್ತಕ್ಕೆ ಒಂಬತ್ತರಿಂದ ನಾಲ್ಕಕ್ಕೆ ಇಳಿದಿದೆ. ಪುಸ್ತಕ ಈಗ ಅವಳ ಹತ್ತಿರವೇ ಇರುತ್ತದೆ. ಕಳೆದ ಸಲ ಡಾಕ್ಟರು, “ಸ್ವಲ್ಪ ಹೊತ್ತು ನಾವಿಬ್ಬರೇ ಮಾತಾಡೋಣ” ಅಂದರು. ಮಗಳು ನನ್ನ ಮುಖ ನೋಡದೆ ತಲೆಯಾಡಿಸಿದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ತಂಗಿಗೆ ಫೋನ್ ಮಾಡಿದೆ. ಅವಳಿಗೂ ಹದಿಮೂರರ ಮಗಳಿದ್ದಾಳೆ.